ಎಂಟಡಿ ದೂರದ ಭಯ

ಹ್ಯಾಲೋವೀನ್‌ ಎಂಬ ದೆವ್ವಭೂತಗಳ ಹಬ್ಬಕ್ಕೆಂದು ಮನೆಯ ಗ್ಯಾರೇಜಿನಲ್ಲಿ ಕೈಯಿಂದ ಮಾಡಿದ ಸಮಾಧಿಕಲ್ಲನ್ನು ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ, ಕೈಯಳತೆಯ ದೂರದಿಂದ ನೋಡಿದರೆ ಅದರಲ್ಲಿ ಹೆದರುವಂಥದ್ದು ಏನೂ ಇರುವುದಿಲ್ಲ. ಮನೆಯೊಳಗೆ ಚಳಿ ತಾಗದಂತೆ ಗೋಡೆಗೆ ಹೊದಿಸುವ ಗುಲಾಬಿ ಬಣ್ಣದ ಫೋಮ್ ಹಲಗೆ, ಅದರ ಮೇಲೆ ಮೂರು ನಾಲ್ಕು ಬಗೆಯ ಬೂದು ಬಣ್ಣ, ಅಂಚಿನಲ್ಲಿ ಚಾಕುವಿನ ಗುರುತು, ಹಿಂಬದಿಗೆ ಅಂಟಿಸಿದ ಪಿವಿಸಿ ಪೈಪು, ಅಷ್ಟೇ. ಅದೇ ಕಲ್ಲು ಅಕ್ಟೋಬರ್ 31ರ ಸಂಜೆ ಕತ್ತಲಾದ ಮೇಲೆ, ಎಂಟು ಅಡಿ ಆಚೆ, ಒಂದು ಪಕ್ಕದಿಂದ ಬೀಳುವ ಮಂದ ನೀಲಿ ಬೆಳಕಿನಲ್ಲಿ ನಿಂತಾಗ, ವೇಷ ಹಾಕಿಕೊಂಡು ಮನೆಮನೆಗೆ ಸಿಹಿ ಕೇಳಲು ಬಂದ ಆರು ವರ್ಷದ ಮಗುವೊಂದು ಅಪ್ಪನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಅದನ್ನು ದಾಟುತ್ತದೆ. ಬಾಸ್ಟನ್ನಿನ ಹೊರವಲಯದ ಊರೊಂದರಲ್ಲಿ ಹಲವು ವರ್ಷಗಳಿಂದ ಈ ಕೆಲಸ ಮಾಡುತ್ತ ಬಂದ ನನಗೆ ಈಗ ಖಚಿತವಾಗಿ ಅನ್ನಿಸುವ ಸಂಗತಿಯೊಂದಿದೆ: ಪ್ರಾಪ್, ಅಂದರೆ ಇಂಥ ಅಲಂಕಾರದ ವಸ್ತು, ಮಾಡುವವನು ಮೊದಲು ಅಳೆಯಬೇಕಾದದ್ದು ನೋಡುವವನು ಎಲ್ಲಿ ನಿಲ್ಲುತ್ತಾನೆ, ಎಷ್ಟು ಹೊತ್ತು ನಿಲ್ಲುತ್ತಾನೆ, ಅವನ ವಯಸ್ಸೆಷ್ಟು ಎಂಬುದನ್ನು. ಉಳಿದ ಎಲ್ಲ ಅಳತೆಗಳೂ ಇದರಿಂದ ಹುಟ್ಟುತ್ತವೆ.

ಈ ಹಬ್ಬದ ಬೇರುಗಳು ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನಲ್ಲಿವೆ. ನವೆಂಬರ್ 1ರ ಸಕಲ ಸಂತರ ದಿನದ ಹಿಂದಿನ ಸಂಜೆ ಅಲ್ಲಿನ ಜನ ಟರ್ನಿಪ್ ಗಡ್ಡೆಯನ್ನು ಟೊಳ್ಳು ಮಾಡಿ, ಮುಖ ಕೊರೆದು, ಒಳಗೆ ದೀಪವಿಡುತ್ತಿದ್ದರು. ವಲಸೆ ಬಂದವರಿಗೆ ಅಮೆರಿಕದಲ್ಲಿ ಕುಂಬಳಕಾಯಿ ಸಿಕ್ಕಿತು, ಅದು ದೊಡ್ಡದೂ ಆಗಿತ್ತು, ಕೊರೆಯುವುದಕ್ಕೆ ಸುಲಭವೂ ಆಗಿತ್ತು. ಅಂದರೆ ಆರಂಭದಿಂದಲೇ ಇದು ಕೈಕೆಲಸದ ಹಬ್ಬ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಲ್ಲಿಯೇ ಮ್ಯಾಸಚೂಸೆಟ್ಸ್‌ನ ಡೆನ್ನಿಸನ್ ಕಂಪನಿ ಕ್ರೇಪ್ ಕಾಗದದಿಂದ ಮನೆಯಲ್ಲೇ ಅಲಂಕಾರ ಮತ್ತು ವೇಷಗಳನ್ನು ಮಾಡಿಕೊಳ್ಳುವ ಕ್ರಮವನ್ನು ಪುಟ್ಟ ಪುಸ್ತಿಕೆಗಳಲ್ಲಿ ಅಚ್ಚು ಹಾಕಿ ಮಾರುತ್ತಿತ್ತು. ಮಿನ್ನೆಸೋಟದ ಅನೋಕಾ ಊರಿನವರು 1920ರಲ್ಲಿ, ಹುಡುಗರು ಆ ರಾತ್ರಿ ಮಾಡುತ್ತಿದ್ದ ಕಿಡಿಗೇಡಿತನಕ್ಕೆ ಬೇರೊಂದು ದಾರಿ ತೋರಿಸಬೇಕೆಂದು ಊರಿಗೆ ಊರೇ ಸೇರುವ ಮೆರವಣಿಗೆಯನ್ನು ಆರಂಭಿಸಿದರು. ಅಂಗಡಿಯಿಂದ ಸಿದ್ಧವಸ್ತು ತಂದು ಅಂಗಳ ತುಂಬಿಸುವ ರೂಢಿ ಇವೆಲ್ಲಕ್ಕಿಂತ ಬಹಳ ಈಚಿನದು. 2020ರಲ್ಲಿ ಹೋಮ್ ಡಿಪೋ ಎಂಬ ಅಂಗಡಿ ಸರಣಿ 299 ಡಾಲರಿಗೆ ಮಾರಾಟಕ್ಕಿಟ್ಟ ಹನ್ನೆರಡು ಅಡಿ ಎತ್ತರದ ಅಸ್ಥಿಪಂಜರವನ್ನು ಈಗ ನಮ್ಮ ಸುತ್ತಮುತ್ತಲಿನ ಬೀದಿಗಳಲ್ಲೂ ಕಾಣಬಹುದು. ಅದರ ಬಗ್ಗೆ ನನಗೆ ಅಸಮಾಧಾನವಿಲ್ಲ. ಮಕ್ಕಳಿಗೆ ಅದನ್ನು ಕಂಡರೆ ಸಂತೋಷ. ಆದರೆ ಅದು ಬೀದಿಯ ಆ ತುದಿಯಿಂದಲೂ ಕಾಣುತ್ತದೆ, ಹಗಲಿನಲ್ಲೂ ಅಷ್ಟೇ ಕಾಣುತ್ತದೆ, ಎಲ್ಲ ಅಂಗಳಗಳಲ್ಲೂ ಒಂದೇ ರೀತಿ ಕಾಣುತ್ತದೆ. ನನ್ನ ಮನೆಯ ಅಂಗಳದ ಇಳಿಜಾರಿಗೆ, ಅಲ್ಲಿನ ಮೇಪಲ್ ಮರದ ನೆರಳಿಗೆ, ಪಾದಚಾರಿ ದಾರಿಯಿಂದ ಬಾಗಿಲಿನವರೆಗೆ ಇರುವ ಆ ಸಣ್ಣ ತಿರುವಿಗೆ ಹೊಂದುವಂತೆ ಯಾವ ಕಾರ್ಖಾನೆಯೂ ಏನನ್ನೂ ಮಾಡಿಕೊಡಲಾರದು.

ಈ ಹವ್ಯಾಸಕ್ಕೆ ಬರುವವರಿಗೆ ನಾನು ಮೊದಲು ಹೇಳುವುದು ಸಮಾಧಿಕಲ್ಲಿನಿಂದ ಆರಂಭಿಸಿ ಎಂದೇ. ಅದಕ್ಕೆ ಬೇಕಾದ ಸಾಮಗ್ರಿ ಮನೆ ಕಟ್ಟುವ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ: ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದ, ಎರಡು ಇಂಚು ದಪ್ಪದ ಗುಲಾಬಿ ಅಥವಾ ನೀಲಿ ಬಣ್ಣದ ಇನ್ಸುಲೇಶನ್ ಹಲಗೆ. ನಮ್ಮಲ್ಲಿ ಥರ್ಮೋಕೋಲ್ ಎಂದು ಕರೆಯುವ, ಕಾಳು ಕಾಳಾಗಿ ಉದುರುವ ಬಿಳಿ ಹಲಗೆ ಇದಕ್ಕೆ ಆಗದು. ಚಾಕು ತಾಗಿದೊಡನೆ ಅದರ ಅಂಚು ಕಿತ್ತುಬರುತ್ತದೆ. ಗುಲಾಬಿ ಹಲಗೆ ಒತ್ತಾದ, ಸಮನಾದ ಫೋಮ್, ಅದರಲ್ಲಿ ಅಕ್ಷರವನ್ನು ಕಲ್ಲಿನಲ್ಲಿ ಕೊರೆದಷ್ಟೇ ಚೊಕ್ಕಟವಾಗಿ ಕೊರೆಯಬಹುದು. ಬಿಸಿ ತಂತಿಯಿಂದ ಕತ್ತರಿಸುವವರು ಗ್ಯಾರೇಜಿನ ಬಾಗಿಲನ್ನು ಪೂರ್ತಿ ತೆರೆದು, ಫ್ಯಾನ್ ಹಾಕಿಕೊಂಡೇ ಕೆಲಸ ಮಾಡಬೇಕು, ಏಕೆಂದರೆ ಪಾಲಿಸ್ಟೈರೀನ್ ಎಂಬ ಈ ಫೋಮ್ ಕರಗುವಾಗ ಹೊರಡುವ ಹೊಗೆ ಒಳ್ಳೆಯದಲ್ಲ. ಉಜ್ಜುವಾಗ ಏಳುವ ಪುಡಿಗೆ ಮಾಸ್ಕ್ ಬೇಕೇ ಬೇಕು. ಅಲ್ಯುಮಿನಿಯಂ ಫಾಯಿಲನ್ನು ಮುದ್ದೆ ಮಾಡಿ ಹಲಗೆಯ ಮೇಲೆ ಒತ್ತುತ್ತ ಹೋದರೆ ಒರಟು ಕಲ್ಲಿನ ಮೈ ಬರುತ್ತದೆ. ಬಿಸಿಗಾಳಿ ಊದುವ ಹೀಟ್ ಗನ್ನನ್ನು ಒಂದು ಅಂತರದಿಂದ ಬೀಸಿದರೆ ಮೇಲ್ಮೈ ಸ್ವಲ್ಪ ಬಿಗಿದುಕೊಂಡು ಹಳೆಯದಾದಂತೆ ಕಾಣುತ್ತದೆ. ಸ್ಪ್ರೇ ಕ್ಯಾನಿನ ಬಣ್ಣದಲ್ಲಿರುವ ದ್ರಾವಕ ಈ ಫೋಮನ್ನು ತಿಂದುಹಾಕುತ್ತದೆ, ಆದ್ದರಿಂದ ನೀರಿನಲ್ಲಿ ಕಲಸುವ ಬಣ್ಣವನ್ನು ಮೊದಲು ಬಳಿದು ಮೈಯನ್ನು ಮುಚ್ಚಬೇಕು. ಕೆಲವರು ಇದೇ ಗುಣವನ್ನು ಬೇಕೆಂದೇ ಬಳಸಿ, ಅಲ್ಲಲ್ಲಿ ಸ್ಪ್ರೇ ಹೊಡೆದು, ಶತಮಾನಗಳ ಮಳೆಗೆ ಸವೆದ ಗುಳಿಗಳನ್ನು ಮೂಡಿಸುತ್ತಾರೆ.

ಆದರೆ ಕಲ್ಲು ಕಲ್ಲಿನಂತೆ ಕಾಣಬೇಕಾದರೆ ನಿಜವಾದ ಕಲ್ಲುಗಳನ್ನು ನೋಡಿ ಬರಬೇಕು, ಮತ್ತು ಅದಕ್ಕೆ ನ್ಯೂ ಇಂಗ್ಲೆಂಡ್ ಎನ್ನುವ ನಮ್ಮ ಈ ಈಶಾನ್ಯ ಭಾಗಕ್ಕಿಂತ ಒಳ್ಳೆಯ ಸ್ಥಳ ಈ ದೇಶದಲ್ಲಿ ಇಲ್ಲವೆಂದು ನನ್ನ ನಂಬಿಕೆ. ಬಾಸ್ಟನ್ ನಗರದ ನಡುವೆ 1660ರಲ್ಲಿ ಆರಂಭವಾದ ಗ್ರ್ಯಾನರಿ ಸ್ಮಶಾನವಿದೆ. ಅಲ್ಲಿನ ಹಳೆಯ ಸ್ಲೇಟು ಕಲ್ಲುಗಳು ತೆಳ್ಳಗಿವೆ, ಕಪ್ಪು ಬೂದು ಬಣ್ಣದವು. ನಡುವೆ ಒಂದು ದೊಡ್ಡ ಕಮಾನು, ಎರಡೂ ಬದಿಗೆ ಸಣ್ಣ ಭುಜಗಳು, ಕಮಾನಿನೊಳಗೆ ರೆಕ್ಕೆ ಬಿಚ್ಚಿದ ತಲೆಬುರುಡೆ. ಮುನ್ನೂರು ವರ್ಷ ಕಳೆದರೂ ಎಷ್ಟೋ ಕಲ್ಲುಗಳ ಮೇಲೆ ಬುರುಡೆಯ ಹಲ್ಲುಗಳನ್ನು ಒಂದೊಂದಾಗಿ ಗುರುತಿಸಬಹುದು, ಏಕೆಂದರೆ ಸ್ಲೇಟು ಕೆತ್ತನೆಯ ಅಂಚನ್ನು ಬಿಟ್ಟುಕೊಡುವುದಿಲ್ಲ. ಅದಕ್ಕಿಂತ ಈಚೆಗೆ ಬಂದ ಬಿಳಿ ಅಮೃತಶಿಲೆಯ ಕಲ್ಲುಗಳು ಮಳೆಗೆ ಕರಗಿ, ಹೆಸರುಗಳು ಓದಲಾಗದಷ್ಟು ಮಾಸಿವೆ. ಕಾಲ ಸರಿದಂತೆ ಚಿತ್ರವೂ ಬದಲಾಯಿತು: ಬುರುಡೆಯ ಜಾಗಕ್ಕೆ ರೆಕ್ಕೆಯುಳ್ಳ ಮಗುವಿನ ಮುಖ ಬಂತು, ಆಮೇಲೆ ಕಲಶ ಮತ್ತು ಬಾಗಿದ ವಿಲೋ ಮರ ಬಂದವು. ಈ ವ್ಯತ್ಯಾಸ ತಿಳಿಯದೆ ಬಿಳಿ ಕಲ್ಲಿನ ಮೇಲೆ ಹರಿತವಾದ ರೆಕ್ಕೆಬುರುಡೆ ಕೊರೆದರೆ, ನೋಡುವವರಿಗೆ ತಪ್ಪು ಏನೆಂದು ಹೇಳಲು ಬಾರದಿದ್ದರೂ ಈ ಊರಿನ ಕಣ್ಣಿಗೆ ಅದು ಒಪ್ಪುವುದಿಲ್ಲ. ನಾನು ಗಾಢ ಬೂದು ಸ್ಲೇಟನ್ನು ಅನುಕರಿಸುವಾಗ ಅಕ್ಷರದ ಅಂಚನ್ನು ಚೂಪಾಗಿ ಉಳಿಸುತ್ತೇನೆ; ಅಮೃತಶಿಲೆಯನ್ನು ಅನುಕರಿಸುವಾಗ ಅದೇ ಅಂಚನ್ನು ಮರಳು ಕಾಗದದಿಂದ ಉಜ್ಜಿ ಮಂಕು ಮಾಡುತ್ತೇನೆ.

ಬಣ್ಣದ ಕೆಲಸವೇ ಇದರ ಜೀವ. ಮೊದಲು ಇಡೀ ಕಲ್ಲಿಗೆ ಗಾಢ ಬೂದು. ಅದು ಒಣಗಿದ ಮೇಲೆ ಬ್ರಶ್ಶಿನಲ್ಲಿರುವ ತಿಳಿಬೂದು ಬಣ್ಣವನ್ನು ಬಟ್ಟೆಗೆ ಒರೆಸಿ, ಬಹುಮಟ್ಟಿಗೆ ಒಣಗಿದ ಆ ಬ್ರಶ್ಶನ್ನು ಮೇಲ್ಮೈಗೆ ಸವರಿದರೆ ಉಬ್ಬುಗಳು ಮಾತ್ರ ಬಣ್ಣ ಹಿಡಿಯುತ್ತವೆ, ತಗ್ಗುಗಳು ಕತ್ತಲಾಗಿಯೇ ಉಳಿಯುತ್ತವೆ. ಕೊನೆಗೆ ಕಪ್ಪನ್ನು ನೀರಿನಲ್ಲಿ ತೆಳ್ಳಗೆ ಕಲಸಿ ಕಲ್ಲಿನ ನೆತ್ತಿಗೆ ಹಚ್ಚಿ, ಮೇಲಿನಿಂದ ನೀರು ಚಿಮುಕಿಸಿ, ತನ್ನಷ್ಟಕ್ಕೆ ಇಳಿಯಲು ಬಿಡಬೇಕು. ನಿಜವಾದ ಕಲ್ಲಿನ ಮೇಲೂ ಮಳೆ ಹೀಗೆಯೇ ಇಳಿದಿರುತ್ತದೆ, ಆದ್ದರಿಂದ ಕಲ್ಲನ್ನು ಮಲಗಿಸಿ ಈ ಕೆಲಸ ಮಾಡಬಾರದು, ನಿಲ್ಲಿಸಿಯೇ ಮಾಡಬೇಕು. ಹತ್ತಿರದಿಂದ ನೋಡಿದಾಗ ಈ ಬೆಳಕು ನೆರಳಿನ ಅಂತರ ಅತಿಯಾಯಿತೆಂದು ಅನ್ನಿಸುವಷ್ಟು ಇರಬೇಕು. ಕತ್ತಲು ಅದರಲ್ಲಿ ಅರ್ಧವನ್ನು ಕಿತ್ತುಕೊಳ್ಳುತ್ತದೆ. ಸುಂದರವಾಗಿ, ಸಂಯಮದಿಂದ ಬಣ್ಣ ಬಳಿದ ಕಲ್ಲು ರಾತ್ರಿಯಲ್ಲಿ ಒಂದು ಬೂದು ಚೌಕವಾಗಿ ಬಿಡುತ್ತದೆ. ಗಾಳಿಯನ್ನೂ ಮರೆಯುವಂತಿಲ್ಲ. ಇಲ್ಲಿನ ಅಕ್ಟೋಬರ್ ಗಾಳಿಗೆ ಫೋಮ್ ಹಲಗೆ ಹಾರಿಹೋಗುವುದಕ್ಕೆ ಒಂದು ಬೀಸು ಸಾಕು, ಅದಕ್ಕಾಗಿ ಹಿಂಬದಿಯಲ್ಲಿ ಪೈಪು ಹುದುಗಿಸಿ, ನೆಲಕ್ಕೆ ಹೊಡೆದ ಕಬ್ಬಿಣದ ಸರಳಿನ ಮೇಲೆ ಅದನ್ನು ಕೂರಿಸಬೇಕಾಗುತ್ತದೆ.

ಕಲ್ಲಿನ ಮೇಲೆ ಯಾವ ಹೆಸರು ಬರೆಯಬೇಕು ಎಂಬ ಪ್ರಶ್ನೆ ಸಣ್ಣದಲ್ಲ. ನಾನು ಹೆಸರನ್ನೇ ಬರೆಯುವುದಿಲ್ಲ. ಮಾಸಿದ ಇಸವಿ, ಮರಳು ಗಡಿಯಾರದ ಚಿತ್ರ, ಅರ್ಧ ಅಳಿಸಿದ ಒಂದೆರಡು ಪದ ಇಷ್ಟೇ. ಇಲ್ಲಿಂದ ಬಹಳ ದೂರವೇನೂ ಇಲ್ಲದ ಸೇಲಂ ಊರಿನಲ್ಲಿ 1692ರಲ್ಲಿ ಮಾಟಗಾತಿಯರೆಂಬ ಆರೋಪ ಹೊರಿಸಿ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು, ಜೈಲ್ಸ್ ಕೋರಿ ಎಂಬ ವೃದ್ಧನನ್ನು ಕಲ್ಲುಗಳ ಭಾರ ಹೇರಿ ಕೊಂದರು. ಆ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದ ಎಲಿಜಬೆತ್ ಜಾನ್ಸನ್ ಜೂನಿಯರ್ ಎಂಬಾಕೆಯ ಹೆಸರಿನ ಮೇಲಿದ್ದ ಕಳಂಕವನ್ನು ಈ ರಾಜ್ಯ ತೊಡೆದುಹಾಕಿದ್ದು 2022ರಲ್ಲಿ, ಅದೂ ಶಾಲಾ ಮಕ್ಕಳ ಒತ್ತಾಯದಿಂದ. ಪ್ರತಿ ಅಕ್ಟೋಬರಿನಲ್ಲಿ ಸೇಲಂನ ಬೀದಿಗಳು ಪ್ರವಾಸಿಗಳಿಂದ ತುಂಬಿ ತುಳುಕುತ್ತವೆ, ಅಲ್ಲಿಯೇ ಹಳೆಯ ಸ್ಮಶಾನದ ಪಕ್ಕದಲ್ಲಿ ಆ ಇಪ್ಪತ್ತು ಜನರ ಹೆಸರು ಕೊರೆದ ಕಲ್ಲಿನ ಆಸನಗಳೂ ಇವೆ. ಅವುಗಳನ್ನು ಓದಿ ಬಂದ ಮೇಲೆ ಮರಕ್ಕೆ ನೇತುಹಾಕುವ ಹೆಣದ ಬೊಂಬೆಯನ್ನು ಮಾಡುವ ಮನಸ್ಸು ನನಗೆ ಬರಲಿಲ್ಲ, ಇನ್ನು ಬರುವುದೂ ಇಲ್ಲ. ಗಲ್ಲಿಗೇರಿಸಿ ಕೊಲ್ಲುವ ಗುಂಪುಹಿಂಸೆಯನ್ನು ತಲೆಮಾರುಗಳ ಕಾಲ ಅನುಭವಿಸಿದ ಕರಿಯ ಜನ ನಮ್ಮ ನೆರೆಯಲ್ಲಿದ್ದಾರೆ. ಮನೆಯವರನ್ನು ಆತ್ಮಹತ್ಯೆಗೆ ಕಳೆದುಕೊಂಡವರೂ ಇದೇ ದಾರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಎಂಟಡಿ ದೂರ ಎಂಬ ಅಳತೆಯಲ್ಲಿ ಇದೂ ಸೇರಿದೆ. ಯಾರಿಗೆ ಆ ಭಯ ಎಂಟಡಿಗಿಂತ ಹತ್ತಿರದ್ದೋ ಅವರ ಮುಂದೆ ಅದನ್ನು ಇಡಬಾರದು.

ಸಮಾಧಿಕಲ್ಲಿನಿಂದ ಮುಂದಕ್ಕೆ ಹೋದರೆ ಕಾಗದದ ಕೆಲಸ. ಹಳೆಯ ಪತ್ರಿಕೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು, ಮೈದಾ ಹಿಟ್ಟಿನ ಅಂಟಿನಲ್ಲಿ ಅದ್ದಿ, ಊದಿದ ಬಲೂನಿನ ಸುತ್ತ ಅಂಟಿಸುತ್ತ ಹೋಗುವುದನ್ನು ಎಷ್ಟೋ ಮಂದಿ ಶಾಲೆಯಲ್ಲಿ ಮಾಡಿರುತ್ತಾರೆ. ಬಲೂನಿಗೆ ಮೊದಲೇ ದಾರ ಬಿಗಿದರೆ ಕುಂಬಳಕಾಯಿಯ ಹೋಳುಗಳ ಉಬ್ಬು ತಾನಾಗಿ ಮೂಡುತ್ತದೆ. ಅದರ ಮೇಲೆ ಮುಖದ ವಿವರ, ಹುಬ್ಬು, ಮೂಗು, ಸುಕ್ಕು ತರಬೇಕಾದರೆ ಕಾಗದದ ತಿರುಳಿಗೆ ಗೋಡೆಯ ಬಿರುಕು ತುಂಬುವ ಜಾಯಿಂಟ್ ಕಾಂಪೌಂಡ್, ಬಿಳಿ ಅಂಟು, ಸ್ವಲ್ಪ ಮೈದಾ ಸೇರಿಸಿ ನಾದಿದ ಹಿಟ್ಟು ಬೇಕು. ಈ ಹಿಟ್ಟನ್ನು ನಾದುವಾಗಲೆಲ್ಲ ನನಗೆ ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳು ನೆನಪಾಗುತ್ತವೆ. ಅಲ್ಲಿನ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಜೋಡಿಸಿ, ಸೆಣಬಿನ ಚಿಂದಿಯನ್ನು ನೆನೆಸಿ ಒಣಗಿಸಿ ಪುಡಿಮಾಡಿ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಲೇಪವನ್ನು ಕೀಲುಗಳ ಮೇಲೆ ತುಂಬುತ್ತಾರೆ. ಒಡವೆಯ ಉಬ್ಬುಗೆಲಸಕ್ಕೆ ಬೆಣಚುಕಲ್ಲಿನ ಪುಡಿಯ ಇನ್ನೊಂದು ಲೇಪವಿದೆ. ನಾರು, ಅಂಟು, ನುಣ್ಣನೆಯ ಪುಡಿ ಎಂಬ ಮೂರು ವಸ್ತುಗಳ ಅದೇ ಕೂಡಿಕೆ ಇಲ್ಲಿ ಟಾಯ್ಲೆಟ್ ಪೇಪರು, ಬಿಳಿ ಅಂಟು ಮತ್ತು ಜಾಯಿಂಟ್ ಕಾಂಪೌಂಡಿನ ರೂಪದಲ್ಲಿ ಕಾಣುತ್ತದೆ. ಕಿನ್ನಾಳದ ಕೆಲಸ ತಲೆಮಾರುಗಳು ಬಾಳಬೇಕಾದದ್ದು, ಬೆರಳಿನಲ್ಲಿ ಮುಟ್ಟಿ ನೋಡಬೇಕಾದದ್ದು. ಅದರ ನೈಪುಣ್ಯದ ಪಕ್ಕದಲ್ಲಿ ನಮ್ಮ ಗ್ಯಾರೇಜಿನ ಕೆಲಸವನ್ನು ಇಡುವುದು ಸರಿಯಲ್ಲ, ಆದರೆ ಕೈಗೆ ಸಿಗುವ ಹದ ಒಂದೇ, ಆ ಹದ ಬಂದಾಗ ಆಗುವ ಸಂತೋಷವೂ ಒಂದೇ.

ದೊಡ್ಡ ಆಕೃತಿಗಳಿಗೆ ಇಲ್ಲಿನ ಹವ್ಯಾಸಿಗಳು ಮಾನ್‌ಸ್ಟರ್ ಮಡ್ ಎಂದು ಕರೆಯುವ ಮಿಶ್ರಣವಿದೆ: ಐದು ಪಾಲು ಜಾಯಿಂಟ್ ಕಾಂಪೌಂಡಿಗೆ ಒಂದು ಪಾಲು ಹೊರಗೋಡೆಯ ಲೇಟೆಕ್ಸ್ ಬಣ್ಣ. ಗೋಣಿಬಟ್ಟೆಯನ್ನು ಅದರಲ್ಲಿ ಅದ್ದಿ, ಮರದ ಚೌಕಟ್ಟು ಮತ್ತು ಕೋಳಿಗೂಡಿನ ತಂತಿಜಾಲರಿಯಿಂದ ಕಟ್ಟಿದ ಆಕಾರದ ಮೇಲೆ ಹೊದಿಸಿ, ನೆರಿಗೆಗಳನ್ನು ಬೇಕಾದಂತೆ ಇಳಿಬಿಟ್ಟರೆ ಒಣಗಿದ ಮೇಲೆ ಕಲ್ಲಿನ ಶಿಲ್ಪದಷ್ಟು ಗಟ್ಟಿಯಾದ ಮುಸುಕಿನ ಮನುಷ್ಯ ನಿಲ್ಲುತ್ತಾನೆ. ಅವನೊಳಗೆ ಮುಖ ಬೇಕಿಲ್ಲ. ಮುಸುಕಿನ ಒಳಗೆ ಕಪ್ಪು ಬಣ್ಣ ಬಳಿದು ಖಾಲಿ ಬಿಟ್ಟರೆ ನೋಡುವವರೇ ಅಲ್ಲಿ ಮುಖವೊಂದನ್ನು ತುಂಬಿಕೊಳ್ಳುತ್ತಾರೆ, ಮತ್ತು ಅವರು ತುಂಬಿಕೊಂಡ ಮುಖಕ್ಕೆ ಸಮನಾದದ್ದನ್ನು ನನ್ನ ಕೈ ಮಾಡಲಾರದು. ಈ ಎಲ್ಲ ಕೆಲಸಗಳಿಗೂ ಋತು ನೋಡಬೇಕು. ಲೇಟೆಕ್ಸ್ ಬಣ್ಣ ಸರಿಯಾಗಿ ಹಿಡಿಯಲು ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣತೆ ಬೇಕು, ಇಲ್ಲಿನ ಅಕ್ಟೋಬರ್ ರಾತ್ರಿಗಳು ಅದಕ್ಕಿಂತ ಕೆಳಗೆ ಇಳಿಯುತ್ತವೆ. ಬೇಸಿಗೆಯ ತೇವದಲ್ಲಾದರೋ ಕಾಗದ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಒಂದೊಂದು ಪದರವನ್ನೂ ತೆಳ್ಳಗೆ ಹಚ್ಚಿ, ಪೂರ್ತಿ ಒಣಗಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕಬೇಕು. ಆಗಸ್ಟಿನ ಕೊನೆ ಮತ್ತು ಸೆಪ್ಟೆಂಬರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ.

ಅಸ್ಥಿಪಂಜರವನ್ನು ಹೆಣವಾಗಿ ಮಾಡುವ ಕೆಲಸದ ವಿವರ ಕೆಲವರಿಗೆ ಹಿತವಾಗದಿರಬಹುದು, ಆದರೂ ಅದು ಈ ಕಲೆಯ ಮುಖ್ಯ ಪಾಠಗಳಲ್ಲಿ ಒಂದು. ಅಂಗಡಿಯ ಪ್ಲಾಸ್ಟಿಕ್ ಅಸ್ಥಿಪಂಜರ ಬೆಳ್ಳಗೆ, ಹೊಳೆಯುತ್ತ, ಸ್ಕ್ರೂಗಳನ್ನು ತೋರಿಸುತ್ತ ಇರುತ್ತದೆ. ಬಣ್ಣ ಬಳಿಯುವಾಗ ನೆಲಕ್ಕೆ ಹಾಸುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಅದಕ್ಕೆ ಸುತ್ತಿ ಹೀಟ್ ಗನ್ ಹಿಡಿದರೆ ಹಾಳೆ ಕುಗ್ಗಿ, ಪಕ್ಕೆಲುಬುಗಳಿಗೆ ಅಂಟಿಕೊಂಡು, ಅಲ್ಲಲ್ಲಿ ತೂತಾಗಿ, ಒಣಗಿದ ಚರ್ಮದಂತೆ ಎಳೆದುಕೊಳ್ಳುತ್ತದೆ. ಅದರ ಮೇಲೆ ಮರಕ್ಕೆ ಹಚ್ಚುವ ಕಂದು ಸ್ಟೇನ್ ಬಳಿದು ಒರೆಸಿದರೆ ಬಣ್ಣ ಸಂದುಗಳಲ್ಲಿ ನಿಂತು ಉಬ್ಬುಗಳಿಂದ ಹೋಗುತ್ತದೆ. ಹತ್ತಿ ಮತ್ತು ರಬ್ಬರಿನ ಹಾಲಾದ ದ್ರವ ಲೇಟೆಕ್ಸಿನಿಂದಲೂ ಇದನ್ನು ಮಾಡಬಹುದು, ಆದರೆ ಲೇಟೆಕ್ಸಿನ ಅಮೋನಿಯಾ ವಾಸನೆ ಗಾಢ, ಕೆಲವರಿಗೆ ಅದು ಅಲರ್ಜಿಯನ್ನೂ ತರುತ್ತದೆ. ಊರಿನಿಂದ ಬಂದಿದ್ದ ಅಮ್ಮ ಗ್ಯಾರೇಜಿನಲ್ಲಿ ಇದನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಪಿತೃಪಕ್ಷ ಬೇರೆ ನಡೆಯುತ್ತಿತ್ತು. ಹೋದ ಹಿರಿಯರಿಗೆ ಎಡೆ ಇಡುವ ದಿನಗಳಲ್ಲಿ ಮಗ ಹೆಣದ ಬೊಂಬೆಗೆ ಬಣ್ಣ ಬಳಿಯುತ್ತಿದ್ದಾನೆ. "ಹೊರಗೆ ಏನಾದರೂ ಮಾಡಿಕೋ, ಹೊಸ್ತಿಲು ಮಾತ್ರ ದಾಟಿಸಬೇಡ ಕಣೋ" ಎಂದರು ಕೊನೆಗೆ. ಅಮ್ಮ ಅಂದು ಹಾಕಿದ ಆ ಗೆರೆಯನ್ನು ನಾನು ಇಂದಿಗೂ ದಾಟಿಲ್ಲ, ಅದು ಸರಿಯಾದ ಗೆರೆಯೆಂದೇ ನನ್ನ ಭಾವನೆ. ಮಲಗುವ, ಉಣ್ಣುವ ಮನೆಯೊಳಗೆ ಬಂದ ಭಯಕ್ಕೆ ದೂರವೆಂಬುದೇ ಉಳಿಯುವುದಿಲ್ಲ.

ಚಲಿಸುವ ಪ್ರಾಪ್‌ಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಹವ್ಯಾಸಿಗಳ ನಡುವೆ ಫ್ಲೈಯಿಂಗ್ ಕ್ರ್ಯಾಂಕ್ ಘೋಸ್ಟ್ ಎಂಬ ಹೆಸರಿನಿಂದ ಪ್ರಸಿದ್ಧವಾದ ತೇಲುವ ದೆವ್ವ. ಅದರ ಯಂತ್ರ ಬಹಳ ಸರಳ. ಮೇಲೆ ಒಂದು ಚೌಕಟ್ಟು, ಅದಕ್ಕೆ ಜೋಡಿಸಿದ ಒಂದು ಮೋಟಾರು, ಮೋಟಾರಿನ ತುದಿಯಲ್ಲಿ ತಿರುಗುವ ಒಂದು ತೋಳು. ಆ ತೋಳಿನ ತುದಿಗೆ ಮೂರು ದಾರಗಳನ್ನು ಕಟ್ಟಿ, ಮೂರು ಬೇರೆ ಬೇರೆ ದಿಕ್ಕಿನ ರಾಟೆಗಳ ಮೇಲೆ ಹಾಯಿಸಿ, ಒಂದನ್ನು ದೆವ್ವದ ತಲೆಗೆ, ಉಳಿದೆರಡನ್ನು ಎರಡು ಕೈಗಳಿಗೆ ಇಳಿಬಿಡಬೇಕು. ತೋಳು ಸುತ್ತುವಾಗ ಒಂದು ರಾಟೆಗೆ ಹತ್ತಿರವಾಗುತ್ತದೆ, ಇನ್ನೊಂದರಿಂದ ದೂರವಾಗುತ್ತದೆ, ಆದ್ದರಿಂದ ತಲೆ ಏಳುವ ಹೊತ್ತಿಗೆ ಒಂದು ಕೈ ಇಳಿಯುತ್ತಿರುತ್ತದೆ, ಇನ್ನೊಂದು ಕೈ ನಡುವೆಲ್ಲೋ ಇರುತ್ತದೆ. ಒಂದೇ ಮೋಟಾರಿನ ಒಂದೇ ಸುತ್ತು ಮೂರು ಕಡೆ ಮೂರು ಸಮಯದಲ್ಲಿ ತಲುಪುವುದರಿಂದ ಬಟ್ಟೆಯ ತುಂಡಿಗೆ ಉಸಿರಾಟ ಬಂದಂತೆ ಕಾಣುತ್ತದೆ.

ಇದಕ್ಕೆ ಕಾರಿನ ವೈಪರ್ ಮೋಟಾರು ಒಳ್ಳೆಯದು. ಗುಜರಿಯಲ್ಲಿ ಸಿಗುತ್ತದೆ, ಒಳಗೆ ವರ್ಮ್ ಗೇರ್ ಇರುವುದರಿಂದ ನಿಧಾನವಾಗಿ, ಬಲವಾಗಿ ತಿರುಗುತ್ತದೆ, 12 ವೋಲ್ಟಿನಲ್ಲಿ ನಡೆಯುತ್ತದೆ. ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನ ಪವರ್ ಸಪ್ಲೈ 12 ಮತ್ತು 5 ವೋಲ್ಟ್ ಎರಡನ್ನೂ ಕೊಡುತ್ತದೆ; 5 ವೋಲ್ಟಿಗೆ ಜೋಡಿಸಿದರೆ ಮೋಟಾರು ಇನ್ನಷ್ಟು ನಿಧಾನವಾಗುತ್ತದೆ, ಮತ್ತು ದೆವ್ವಕ್ಕೆ ನಿಧಾನವೇ ಭೂಷಣ. ಅವಸರದ ದೆವ್ವ ಯಂತ್ರದಂತೆ ಕಾಣುತ್ತದೆ. ಉಡುಪಿಗೆ ಜಾಳು ಹೆಣಿಗೆಯ ತೆಳು ಹತ್ತಿಬಟ್ಟೆ ಸಾಕು. ಅದನ್ನು ಬಟ್ಟೆ ಒಗೆಯುವ ಡಿಟರ್ಜೆಂಟಿನಲ್ಲಿ ಅದ್ದಿ ಒಣಗಿಸಿದರೆ, ಬಟ್ಟೆ ಬೆಳ್ಳಗೆ ಕಾಣಲೆಂದು ಅದರಲ್ಲಿ ಬೆರೆಸಿರುವ ರಾಸಾಯನಿಕ ಅತಿನೇರಳೆ ದೀಪದ ಕೆಳಗೆ ನೀಲಿಯಾಗಿ ಬೆಳಗುತ್ತದೆ. ಚೌಕಟ್ಟು, ದಾರ, ಮೋಟಾರು ಎಲ್ಲವೂ ಕತ್ತಲಿನಲ್ಲಿ ಮಾಯವಾಗಿ ಬಟ್ಟೆ ಮಾತ್ರ ಉಳಿಯುತ್ತದೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನ ಉಳಿಸಿಕೊಂಡು ಬಂದಿರುವ ಯಕ್ಷಗಾನದ ಸೂತ್ರದ ಗೊಂಬೆಯಾಟವನ್ನು ನೋಡಿದವರಿಗೆ ಇದರ ತತ್ತ್ವ ಹೊಸದಲ್ಲ. ಅಲ್ಲಿ ಸೂತ್ರಧಾರನ ಬೆರಳು ದಾರದ ಮೂಲಕ ಗೊಂಬೆಗೆ ಭಾವವನ್ನು ಕೊಡುತ್ತದೆ, ಭಾಗವತರ ಪದ ಅದಕ್ಕೆ ಮಾತು ಕೊಡುತ್ತದೆ. ನನ್ನ ಮೋಟಾರಿಗೆ ಭಾವವಿಲ್ಲ, ಅದು ಇಡೀ ರಾತ್ರಿ ಒಂದೇ ವೃತ್ತವನ್ನು ಬರೆಯುತ್ತದೆ. ಆದರೂ ಒಬ್ಬ ಮನುಷ್ಯ ದಾಟಿಹೋಗುವ ಹತ್ತು ಸೆಕೆಂಡಿಗೆ ಅದು ಸಾಕಾಗುತ್ತದೆ. ಗಂಟೆಗಟ್ಟಲೆ ಕೂತು ನೋಡುವ ಪ್ರೇಕ್ಷಕರಿಗೆ ಉಪ್ಪಿನಕುದ್ರುವಿನ ಬೆರಳುಗಳೇ ಬೇಕು.

ಬೆಳಕಿನ ಬಗ್ಗೆ ಇಷ್ಟು ಹೇಳದಿದ್ದರೆ ಮೇಲಿನದೆಲ್ಲ ವ್ಯರ್ಥ. ಎದುರಿನಿಂದ ಬೀಳುವ ಬೆಳಕು ಎಲ್ಲ ಉಬ್ಬುತಗ್ಗುಗಳನ್ನು ಅಳಿಸಿಹಾಕುತ್ತದೆ, ಪಕ್ಕದಿಂದ ಅಥವಾ ಕೆಳಗಿನಿಂದ ಬೀಳುವುದು ಅವುಗಳನ್ನು ಎತ್ತಿ ತೋರಿಸುತ್ತದೆ. ಇಡೀ ಅಂಗಳಕ್ಕೆ ಮಂದವಾದ ನೀಲಿ, ಒಂದೆರಡು ಕಡೆ ಮಾತ್ರ ಸಣ್ಣ ಹಳದಿ, ಉಳಿದ ಕಡೆ ಏನೂ ಬೇಡ. ಕತ್ತಲನ್ನು ಬಳಸುವ ಈ ವಿದ್ಯೆಯ ಇತಿಹಾಸ ದೊಡ್ಡದು. 1862ರ ಡಿಸೆಂಬರ್ 24ರಂದು ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಜಾನ್ ಹೆನ್ರಿ ಪೆಪ್ಪರ್ ಎಂಬ ವಿಜ್ಞಾನದ ಅಧ್ಯಾಪಕರು ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜಿನ ಮೇಲೆ ಮರೆಯಲ್ಲಿದ್ದ ನಟನ ಪ್ರತಿಬಿಂಬವನ್ನು ಬೀಳಿಸಿ ರಂಗದ ಮೇಲೆ ದೆವ್ವವನ್ನು ತೋರಿಸಿದರು. ಹೆನ್ರಿ ಡರ್ಕ್ಸ್ ಎಂಬ ಎಂಜಿನಿಯರ್ ಮೂಲತಃ ರೂಪಿಸಿದ ವಿಧಾನವದು. 1969ರ ಆಗಸ್ಟ್ 9ರಂದು ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ತೆರೆದ ಹಾಂಟೆಡ್ ಮ್ಯಾನ್ಶನ್ ಎಂಬ ದೆವ್ವದ ಬಂಗಲೆಯ ನೃತ್ಯಶಾಲೆಯಲ್ಲಿ ಅದೇ ಗಾಜಿನ ತಂತ್ರ ಬೃಹತ್ತಾಗಿ ಬಂತು. ಇಂದು ಮನೆಯ ಕಿಟಕಿಯಲ್ಲಿ ಒಂದು ಅಕ್ರಿಲಿಕ್ ಹಾಳೆಯನ್ನು 45 ಡಿಗ್ರಿಯಲ್ಲಿ ನಿಲ್ಲಿಸಿ, ಹಳೆಯ ಟಿವಿಯೊಂದನ್ನು ಮರೆಯಲ್ಲಿಟ್ಟು ಎಷ್ಟೋ ಜನ ಅದನ್ನೇ ಮಾಡುತ್ತಾರೆ.

ಅದೇ ಮ್ಯಾನ್ಶನ್ನಿನಲ್ಲಿ ದಾಟಿಹೋಗುವವರನ್ನು ತಿರುಗಿ ನೋಡುವ ಶಿಲಾಮುಖಗಳಿವೆ. ಅವು ತಿರುಗುವುದಿಲ್ಲ, ಅವು ಒಳಮುಖವಾಗಿ ತಗ್ಗಾದ ಅಚ್ಚುಗಳು. ಮುಖವೆಂದರೆ ಹೊರಕ್ಕೆ ಉಬ್ಬಿರಲೇಬೇಕೆಂದು ನಮ್ಮ ಮಿದುಳು ಎಷ್ಟು ಗಾಢವಾಗಿ ನಂಬಿದೆಯೆಂದರೆ, ತಗ್ಗಾದ ಮುಖಕ್ಕೆ ಸರಿಯಾದ ಬೆಳಕು ಬಿದ್ದರೆ ಅದನ್ನೂ ಉಬ್ಬು ಎಂದೇ ಓದುತ್ತದೆ, ಆಗ ನಾವು ನಡೆದಂತೆ ಆ ಮುಖವೂ ನಮ್ಮ ಕಡೆಗೆ ತಿರುಗುತ್ತ ಬಂದಂತೆ ಅನ್ನಿಸುತ್ತದೆ. ಇದನ್ನು ಮಾಡಲು ಮೋಟಾರು ಬೇಡ, ತಂತಿ ಬೇಡ. ಎಣ್ಣೆ ಸವರಿದ ಮುಖವಾಡದ ಮೇಲೆ ಕಾಗದದ ಪದರಗಳನ್ನು ಹಚ್ಚಿ, ಒಣಗಿದ ಮೇಲೆ ಬಿಡಿಸಿ, ಅದರ ಒಳಮೈಗೆ ನುಣ್ಣಗೆ ಒಂದೇ ಬಣ್ಣ ಬಳಿದು ಬೆಳಕಿಗೆ ಹಿಡಿದರೆ ಸಾಕು. ಆದರೆ ತೀರ ಹತ್ತಿರಕ್ಕೆ ಬಂದರೆ ಎರಡು ಕಣ್ಣುಗಳೂ ಸೇರಿ ಆಳವನ್ನು ಸರಿಯಾಗಿ ಅಳೆದುಬಿಡುತ್ತವೆ, ಮಾಯೆ ಆ ಕ್ಷಣದಲ್ಲೇ ಮುರಿಯುತ್ತದೆ. ದೂರ ಇಲ್ಲಿ ಅಲಂಕಾರಕ್ಕೆ ಬಂದ ಮಾತಲ್ಲ, ಆ ಪ್ರಾಪ್ ನಡೆಯುವುದೇ ಅದರಿಂದ.

ಇಷ್ಟೆಲ್ಲ ಮಾಡಿದ ಮೇಲೆ ಆ ಸಂಜೆಯ ಕತೆ ಬೇರೆಯೇ. ಇಲ್ಲಿ ಅಕ್ಟೋಬರ್ ಕೊನೆಗೆ ಸೂರ್ಯ ಐದೂವರೆ ದಾಟುತ್ತಲೇ ಮುಳುಗುತ್ತಾನೆ. ಚಳಿಗಾಲಕ್ಕೆಂದು ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನವನ್ನು 2007ರಿಂದ ನವೆಂಬರ್ ಮೊದಲ ಭಾನುವಾರಕ್ಕೆ ಮುಂದೂಡಿರುವುದರಿಂದ ಹ್ಯಾಲೋವೀನ್ ಸಂಜೆಗೆ ಆ ಒಂದು ಗಂಟೆಯ ಬೆಳಕು ಉಳಿದುಕೊಂಡಿದೆ. ತೀರ ಸಣ್ಣ ಮಕ್ಕಳು ಆ ಮುಸ್ಸಂಜೆಯಲ್ಲೇ ಬರುತ್ತಾರೆ. ಆಗಿನ್ನೂ ಕಲ್ಲುಗಳು ಫೋಮ್ ಎಂದು ಕಾಣುತ್ತವೆ, ಕುಂಬಳಕಾಯಿ ಕಾಗದದ್ದೆಂದು ತಿಳಿಯುತ್ತದೆ, ಮುಟ್ಟಿ ನೋಡುವವರನ್ನು ನಾನು ತಡೆಯುವುದಿಲ್ಲ. ಏಳು ಗಂಟೆಯ ಹೊತ್ತಿಗೆ ದೊಡ್ಡ ಹುಡುಗರು ಗುಂಪಾಗಿ ಬರುವಾಗ ಅದೇ ಅಂಗಳ ಬೇರೆ ಸ್ಥಳವಾಗಿರುತ್ತದೆ. ಭಯವನ್ನು ವಯಸ್ಸಿಗೆ ತಕ್ಕಂತೆ ಹಂಚುವ ಕೆಲಸವನ್ನು ಹೀಗೆ ಸಂಜೆಯೇ ಅರ್ಧ ಮಾಡಿಕೊಡುತ್ತದೆ. ಉಳಿದರ್ಧಕ್ಕಾಗಿ ಮೋಟಾರಿನ ಸ್ವಿಚ್ಚನ್ನು ಬಾಗಿಲಿನ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ, ಪುಟ್ಟ ಮಗುವೊಂದು ದಾರಿಯಲ್ಲಿ ಕಂಡರೆ ದೆವ್ವವನ್ನು ನಿಲ್ಲಿಸುತ್ತೇನೆ. ದಾರಿಗೆ ಅಡ್ಡವಾಗಿ ಒಂದೂ ವಯರು ಹೋಗಬಾರದು, ಹೊರಗಿನ ಎಲ್ಲ ವಿದ್ಯುತ್ ಸಂಪರ್ಕಗಳೂ ಕರೆಂಟು ಸೋರಿಕೆಯಾದೊಡನೆ ತಾನೇ ಕಡಿತಗೊಳ್ಳುವ ಸಾಕೆಟ್ಟಿನಿಂದಲೇ ಬರಬೇಕು, ಮಕ್ಕಳ ವೇಷದ ಬಟ್ಟೆಗಳು ಬೇಗ ಬೆಂಕಿ ಹಿಡಿಯುವಂಥವಾದ್ದರಿಂದ ಅವರು ನಡೆಯುವ ಕಡೆ ನಿಜವಾದ ಮೇಣದ ಬತ್ತಿ ಇರಬಾರದು. ಇವುಗಳಲ್ಲಿ ರಿಯಾಯಿತಿ ಇಲ್ಲ.

2024ರಲ್ಲಿ ಅಕ್ಟೋಬರ್ 31ರಂದೇ ನರಕ ಚತುರ್ದಶಿ ಬಂತು. ಬೆಳಗ್ಗೆ ಎಣ್ಣೆ ಸ್ನಾನ, ಸಂಜೆ ಹಣತೆ, ಅದೇ ಸಂಜೆ ಸಮಾಧಿಗಳು. ಮನೆಯಲ್ಲಿ ಇದರ ಬಗ್ಗೆ ಚರ್ಚೆ ನಡೆಯಿತು, ಒಂದು ವರ್ಷ ಸ್ಮಶಾನ ಬೇಡವೆಂಬ ಮಾತೂ ಬಂತು. ಕೊನೆಗೆ ಹಣತೆಗಳನ್ನು ಮಕ್ಕಳ ದಾರಿಯಿಂದ ದೂರ, ಹೊಸ್ತಿಲಿನ ಎರಡೂ ಬದಿಯ ಎತ್ತರದ ಕಟ್ಟೆಯ ಮೇಲೆ ಹಚ್ಚಿಟ್ಟು, ಕಲ್ಲುಗಳನ್ನು ಅಂಗಳದ ಕೊನೆಗೆ, ಹಣತೆಯ ಬೆಳಕು ತಲುಪದಷ್ಟು ಆಚೆಗೆ ಸರಿಸಿದೆವು. ಕತ್ತಲಿನ ನಡುವೆ ನಡೆದುಬಂದ ಮಕ್ಕಳು ಬಾಗಿಲಿನಲ್ಲಿ ದೀಪಗಳನ್ನೂ ಚಾಕೊಲೇಟಿನ ಜೊತೆಗೆ ಒಂದು ತಟ್ಟೆ ರವೆ ಉಂಡೆಯನ್ನೂ ಕಂಡರು. ಹಾಗೆ ಜೋಡಿಸಿದ್ದು ಎಷ್ಟು ಸರಿಹೊಂದಿತೆಂದರೆ, ಪಂಚಾಂಗ ಏನೇ ಹೇಳಲಿ, ಬಾಗಿಲಿನ ಬಳಿ ದೀಪ, ಅಂಚಿನಲ್ಲಿ ಕತ್ತಲು ಎಂಬ ಕ್ರಮವನ್ನೇ ಮುಂದುವರಿಸಿದ್ದೇನೆ.

ನವೆಂಬರಿನ ಕೆಲಸವನ್ನು ಯಾರೂ ಹೊಗಳುವುದಿಲ್ಲ, ಆದರೆ ಮುಂದಿನ ವರ್ಷದ ಅಂಗಳ ಅಲ್ಲಿಯೇ ನಿರ್ಧಾರವಾಗುತ್ತದೆ. ಒದ್ದೆಯಾದ ಗೋಣಿಬಟ್ಟೆಯನ್ನು ಒಣಗಿಸದೆ ಒಳಗಿಟ್ಟರೆ ಬೂಷ್ಟು, ಮೈದಾ ಹಚ್ಚಿದ ಕಾಗದವನ್ನು ಬಿಗಿಯಾದ ಡಬ್ಬದಲ್ಲಿ ಮುಚ್ಚದಿದ್ದರೆ ಇಲಿ. ಫೋಮ್ ಮಣ್ಣಿನಲ್ಲಿ ಕರಗುವುದಿಲ್ಲ, ಅದನ್ನು ಮರುಬಳಕೆಗೆ ತೆಗೆದುಕೊಳ್ಳುವವರೂ ವಿರಳ. ಆ ಕಾರಣಕ್ಕೆ ಹೊಸ ಹಲಗೆ ಕೊಳ್ಳುವುದನ್ನು ಕಡಿಮೆ ಮಾಡಿ, ಹಳೆಯ ಕಲ್ಲನ್ನೇ ಉಜ್ಜಿ, ಹಿಂಬದಿಯಲ್ಲಿ ಬೇರೆ ಕಾಲದ ಕೆತ್ತನೆ ಕೊರೆಯುತ್ತಿದ್ದೇನೆ. ಒಂದೇ ಹಲಗೆಯಲ್ಲಿ ಒಂದು ಕಡೆ ರೆಕ್ಕೆಬುರುಡೆ, ಇನ್ನೊಂದು ಕಡೆ ವಿಲೋ ಮರ. ಪಕ್ಕದ ಮನೆಯ ಹುಡುಗನಿಗೆ ಈಗ ಹನ್ನೆರಡು ವರ್ಷ. ಹಿಂದೆ ಈ ಅಂಗಳವನ್ನು ದಾಟಲು ಅಳುತ್ತಿದ್ದವನು, ಈ ಬಾರಿ ಬಿಸಿ ತಂತಿಯಿಂದ ಕತ್ತರಿಸುವುದನ್ನು ಕಲಿಸಿಕೊಡಿ ಎಂದು ಕೇಳಿಕೊಂಡು ಬಂದಿದ್ದಾನೆ. ತಂತಿ ಇನ್ನೂ ಕೆಲವು ವರ್ಷ ಬೇಡ ಎಂದು ಹೇಳಿ, ಅವನ ತಾಯಿಯ ಒಪ್ಪಿಗೆ ಪಡೆದು, ಪತ್ರಿಕೆ, ಮೈದಾ ಮತ್ತು ಒಂದು ಮುಖವಾಡವನ್ನು ಕೊಟ್ಟಿದ್ದೇನೆ. ತಗ್ಗು ಮುಖವನ್ನು ಅವನೇ ಮಾಡಲಿದ್ದಾನೆ, ಅದನ್ನು ಯಾವ ಕಿಟಕಿಯಲ್ಲಿ, ದಾರಿಯಿಂದ ಎಷ್ಟು ದೂರದಲ್ಲಿ ಇಡಬೇಕೆಂಬುದನ್ನು ಟೇಪು ಹಿಡಿದು ಇಬ್ಬರೂ ಅಳೆದು ಗುರುತು ಹಾಕಿದ್ದೇವೆ.